ಬಕೆಟ್ ಹಿಡಿದು ಹಾಕಿದ ನೀರಿನ ಬಜೆಟ್

ನೀರಿನ ಬಜೆಟ್ ಅಂದಾಗ ನಾನೂ ಮೊದಲು ನಕ್ಕಿದ್ದೆ. ತಿಂಗಳ ಸಂಬಳಕ್ಕೇ ಬಜೆಟ್ ಹಾಕಲು ಬರದವನು ನಾನು. ಆದರೆ ಅಂತರ್ಜಲ ಉಳಿಸಲು ಕೇಂದ್ರ ಸರ್ಕಾರ ತಂದ ಅಟಲ್ ಭೂಜಲ ಯೋಜನೆಯಲ್ಲಿ ಪಂಚಾಯಿತಿಗಳಿಗೆ ನೆರವಾಗುವ ಒಂದು ಸಂಸ್ಥೆಗೆ ಸೇರಿದಾಗ ಕೈಗೆ ಬಂದ ಮೊದಲ ಕೆಲಸವೇ ಅದು. ಕೋಲಾರ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಗೆ ಎಷ್ಟು ನೀರು ಬರುತ್ತೆ, ಎಷ್ಟು ಹೋಗುತ್ತೆ, ಲೆಕ್ಕ ಕೊಡಿ ಅಂದರು.

ಕರ್ನಾಟಕದಲ್ಲಿ ಈ ಯೋಜನೆಗೆ 14 ಜಿಲ್ಲೆಗಳ 1,199 ಗ್ರಾಮ ಪಂಚಾಯಿತಿಗಳು ಸೇರಿದ್ದವು. ನಡೆಸುವ ಹೊಣೆ ಸಣ್ಣ ನೀರಾವರಿ ಇಲಾಖೆಯ ಕೆಳಗಿರುವ ಅಂತರ್ಜಲ ನಿರ್ದೇಶನಾಲಯದ್ದು. ಲೆಕ್ಕ ಹಾಕುವ ವಿಧಾನ, ಮಳೆಯ ಅಂಕಿ, ವೀಕ್ಷಣಾ ಬಾವಿಗಳ ನೀರಿನ ಮಟ್ಟ ಎಲ್ಲ ಅಲ್ಲಿಂದಲೇ ಬರುತ್ತೆ. ಇದು ಸಣ್ಣ ವಿಷಯ ಅಲ್ಲ. ಆ ಬಾವಿಗಳ ಅಳತೆ ಇಲ್ಲದಿದ್ದರೆ ನೀರು ಇಳಿದಿದೆಯೋ ಏರಿದೆಯೋ ಅಂತ ಅರಳಿಕಟ್ಟೆಯಲ್ಲಿ ಕೂತು ಜಗಳ ಆಡಬೇಕಿತ್ತು, ಅಷ್ಟೇ. ಆದರೆ ಆ ಅಂಕಿಗಳು ತಾಲ್ಲೂಕಿಗೆ ಸರಿ. ಊರಿಗೆ ಬಂದಾಗ ಯಾರಾದರೂ ಒಬ್ಬರು ನಡೆಯಲೇಬೇಕು.

ನಡೆಯದೆ ಬರೆದರೆ ಏನಾಗುತ್ತೆ ಅಂತಲೂ ನೋಡಿದೆ. ನನಗಿಂತ ಮೊದಲು ಯಾರೋ ತಯಾರಿಸಿದ್ದ ಕರಡಿನಲ್ಲಿ ನಮ್ಮ ಪಂಚಾಯಿತಿಯ ಕಬ್ಬಿಗೆ ಇಷ್ಟು ನೀರು ಅಂತ ಇತ್ತು. ಅಲ್ಲಿ ಕಬ್ಬು ಅಂದರೆ ಸಂಕ್ರಾಂತಿಗೆ ಸಂತೆಯಿಂದ ತರುವ ಎರಡು ಜಲ್ಲೆ, ಅಷ್ಟೇ!

ಬರುವ ನೀರಿನ ಲೆಕ್ಕ ಸುಲಭ. ಪಂಚಾಯಿತಿಯ ವಿಸ್ತಾರ ಸುಮಾರು 2,000 ಹೆಕ್ಟೇರ್, ಮಳೆ ವರ್ಷಕ್ಕೆ ಹೆಚ್ಚುಕಮ್ಮಿ 740 ಮಿಲಿಮೀಟರ್. ನಮ್ಮದು ಗ್ರಾನೈಟಿನಂಥ ಗಟ್ಟಿ ಬಂಡೆಯ ನೆಲ, ಬಿದ್ದ ಮಳೆಯಲ್ಲಿ ನೂರಕ್ಕೆ ಹತ್ತು ಪಾಲು ಇಂಗಿದರೆ ದೊಡ್ಡದು. ಅಂದರೆ 148 ಹೆಕ್ಟೇರ್-ಮೀಟರ್. ಒಂದು ಹೆಕ್ಟೇರ್-ಮೀಟರ್ ಅಂದರೆ ಒಂದು ಕೋಟಿ ಲೀಟರ್.

ಹೋಗುವ ನೀರಿನ ಲೆಕ್ಕಕ್ಕೆ ಕೂತಾಗ ಬೆವರು ಇಳಿಯಿತು. ಎಷ್ಟು ಬೋರ್‌ವೆಲ್ ಇವೆ ಅಂತ ಕೇಳಿದರೆ ಯಾರೂ ಬಾಯಿ ಬಿಡಲ್ಲ. 2011ರ ಅಂತರ್ಜಲ ಕಾಯ್ದೆ ಪ್ರಕಾರ ಅಂತರ್ಜಲ ಮಿತಿಮೀರಿ ಎತ್ತಿದ ಇಂಥ ತಾಲ್ಲೂಕಿನಲ್ಲಿ ಕೊರೆಯಲು ಅನುಮತಿ ಬೇಕು, ಹಾಗಾಗಿ ಹೊಸಬ ಪುಸ್ತಕ ಹಿಡಿದು ಬಂದರೆ ಮೀಟರ್ ಹಾಕೋಕೆ ಬಂದಿದ್ದಾನೆ ಅಂತಲೇ ಅನುಮಾನ. ಒಬ್ಬ ಯಜಮಾನರು "ನಂದು ಒಂದೇ ಪಾಯಿಂಟು" ಅಂದರು. ಅವರ ಹಿಪ್ಪುನೇರಳೆ ತೋಟದಲ್ಲಿ ಎರಡನೇ ಕೇಸಿಂಗ್ ಪೈಪಿನ ಮೇಲೆ ಗೋಣಿಚೀಲ, ಅದರ ಮೇಲೆ ಕಲ್ಲು. ನಾನು ನೋಡಿದ್ದನ್ನು ಅವರೂ ನೋಡಿದರು. ಇಬ್ಬರೂ ಕಾಫಿ ಕುಡಿದೆವು. ಮೂರನೇ ಸಲ ಹೋದಾಗ ಅವರೇ ಕೈ ಹಿಡಿದು ಕರೆದುಕೊಂಡು ಹೋಗಿ ಮೂರು ತೋರಿಸಿದರು, ಅದರಲ್ಲಿ ಒಂದು ಒಣಗಿತ್ತು. ಹೀಗೆ ಹೊಲ ಹೊಲ ಸುತ್ತಿ ಎರಡು ತಿಂಗಳಲ್ಲಿ ಎಣಿಸಿದ್ದು, ನೀರಿರುವವು ಮಾತ್ರ, 400.

ಮುಂದಿನದು ಬಕೆಟ್ ಕೆಲಸ. ರೈತರು ನೀರನ್ನು ಇಂಚಿನಲ್ಲಿ ಹೇಳುತ್ತಾರೆ, ಒಂದಿಂಚು, ಎರಡಿಂಚು. ನನಗೆ ಲೀಟರ್ ಬೇಕು. 20 ಲೀಟರಿನ ಖಾಲಿ ಪೇಂಟ್ ಡಬ್ಬ ಹಿಡಿದು, ಮೊಬೈಲಿನಲ್ಲಿ ಸೆಕೆಂಡ್ ಎಣಿಸಿದೆ. ಮೋಟರ್ ಹಾಕಿದ ತಕ್ಷಣ ಅಳೆಯಬಾರದು. ಆಗ ಪೈಪು ಜೋರಾಗಿ ಉಗುಳುತ್ತೆ, ಅದು ಸುಳ್ಳು ಲೆಕ್ಕ. ಅರ್ಧ ಗಂಟೆ ಬಿಟ್ಟು ಹಿಡಿದರೆ ಸಾಮಾನ್ಯವಾಗಿ 13 ಸೆಕೆಂಡಿಗೆ ಡಬ್ಬ ತುಂಬುತ್ತಿತ್ತು. ಗಂಟೆಗೆ 5,500 ಲೀಟರ್ ಆಯಿತು. ದಿನಕ್ಕೆ 5 ಗಂಟೆಯಂತೆ ವರ್ಷಕ್ಕೆ 200 ದಿನ ಹಿಡಿದರೆ ಒಂದು ಬೋರ್‌ವೆಲ್‌ಗೆ 55 ಲಕ್ಷ ಲೀಟರ್. 400ಕ್ಕೆ 220 ಹೆಕ್ಟೇರ್-ಮೀಟರ್. ಇಂಗೋದು 148. ಊರಿನ 6,000 ಜನಕ್ಕೆ ತಲೆಗೆ ದಿನಕ್ಕೆ 55 ಲೀಟರ್ ಕೊಟ್ಟರೂ ವರ್ಷಕ್ಕೆ ಸುಮಾರು 12 ಹೆಕ್ಟೇರ್-ಮೀಟರ್ ಅಷ್ಟೇ. ಕುಡಿಯೋ ನೀರಿಗೆ ಪರದಾಡುವ ಊರಿನಲ್ಲಿ ಕುಡಿಯೋ ಪಾಲು ಇಷ್ಟೇ ಅಲ್ವಾ ಅಂತ ಗ್ರಾಮಸಭೆಯಲ್ಲಿ ಹೇಳಿದಾಗ ಹೆಂಗಸರ ಕಡೆಯಿಂದ ಗುಸುಗುಸು ಶುರುವಾಯಿತು.

ಕೆರೆಗಳದ್ದು ಇನ್ನೊಂದು ಕತೆ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು. ಆದರೆ 40 ಹೆಕ್ಟೇರಿಗಿಂತ ಜಾಸ್ತಿ ಅಚ್ಚುಕಟ್ಟು, ಅಂದರೆ ನೀರುಣಿಸುವ ಜಮೀನು, ಇರುವ ಕೆರೆ ಸಣ್ಣ ನೀರಾವರಿ ಇಲಾಖೆಯದ್ದು, ಚಿಕ್ಕದು ಪಂಚಾಯತ್ ರಾಜ್ ಕಡೆಯದ್ದು. ನೀರು ಒಂದೇ, ಫೈಲು ಎರಡು. ಮಧ್ಯದ ರಾಜಕಾಲುವೆ ಮುಚ್ಚಿಹೋಗಿರೋದು ಎರಡು ಫೈಲಿನಲ್ಲೂ ಇಲ್ಲ.

ಪಂಚಾಯಿತಿಯ ನೀರಿನ ಯೋಜನೆಯಲ್ಲಿ ಹನಿ ನೀರಾವರಿ, ಕೃಷಿಹೊಂಡ, ಇಂಗುಗುಂಡಿ ಎಲ್ಲ ಬರೆದೆವು. ಒಳ್ಳೆಯದೇ. ಆದರೆ ನನ್ನ ಇಡೀ ಲೆಕ್ಕ ನಿಂತಿರೋದು ಆ 5 ಗಂಟೆಯ ಮೇಲೆ. ಅದು ತ್ರೀ ಫೇಸ್ ಕರೆಂಟ್ ಎಷ್ಟು ಹೊತ್ತು ಇರುತ್ತೆ ಅನ್ನೋದರ ಮೇಲೆ ನಿಂತಿದೆ. 10 ಎಚ್‌ಪಿವರೆಗಿನ ಪಂಪಿಗೆ ಕರೆಂಟ್ ಉಚಿತ, ಬಂದ ಕೂಡಲೇ ಓಡುವಂತೆ ಆಟೋ ಸ್ಟಾರ್ಟರ್ ಇಟ್ಟು ಮಲಗುತ್ತಾರೆ. ಒಂದು ಗಂಟೆ ಕಮ್ಮಿ ಓಡಿದರೆ 44 ಹೆಕ್ಟೇರ್-ಮೀಟರ್ ಉಳಿಯುತ್ತೆ, ನಾವು ಬರೆದ ಇಂಗುಗುಂಡಿಗಳೆಲ್ಲ ಸೇರಿದರೂ ಅಷ್ಟಾಗಲ್ಲ. ಇದನ್ನು ಸಭೆಯಲ್ಲಿ ಹೇಳಿದೆ. ಅದು ನಮ್ಮ ಇಲಾಖೆಗೆ ಬರಲ್ಲ, ಬರೆಯಬೇಡಿ ಅಂದರು ಒಬ್ಬರು. ನಾನು ಸುಮ್ನೆ ಷರಾ ಕಾಲಂನಲ್ಲಿ ಬರೆದಿಟ್ಟೆ.

ಲೆಕ್ಕವನ್ನು ಪಂಚಾಯಿತಿ ಗೋಡೆ ಮೇಲೆ ಬಣ್ಣದಲ್ಲಿ ಬರೆಸಿದೆವು. ಮುಂದಿನ ಬೇಸಿಗೆಯಲ್ಲಿ ಹೋದಾಗ ಬೋರ್‌ವೆಲ್ 400 ಅನ್ನೋದರ ಪಕ್ಕ ಯಾರೋ ಇದ್ದಿಲಲ್ಲಿ "+3" ಅಂತ ಗೀಚಿದ್ದರು. ಹೋಗಿ ನೋಡಿದೆ. ಎರಡರಲ್ಲಿ ನೀರು ಬಂದಿತ್ತು.