ಮದ್ದಿನ ಕೊಂಬು ಕೊನೆಗೂ ಚಪ್ಪಟೆಯಾಯಿತು

ಹಳೇ ಕಾಲದ ಸ್ಕಾಟಿಷ್ ಕೋವಿಯ ನಳಿಗೆಗೆ, ಚಾಪಿಗೆ, ಕಿಡಿ ಹಾರಿಸುವ ಚಕಮಕಿ ಕುದುರೆಗೆ ದುಡ್ಡು ಸುರಿಯುವವರೂ ಮದ್ದಿನ ಕೊಂಬು, ಅಂದರೆ ಕೋವಿಮದ್ದು ತುಂಬಿಡುವ ದನದ ಕೊಂಬು, ಬಂದಾಗ ಅಂಗಡಿಯ ದುಂಡನೆಯದನ್ನೇ ನೇತುಹಾಕಿಕೊಳ್ಳುತ್ತಾರೆ. ಸ್ಕಾಟ್ಲೆಂಡಿನ ಡೂನ್ ಊರಿನ ಉಕ್ಕಿನ ಪಿಸ್ತೂಲಿನ ಪಕ್ಕ ಅದು ಪಂಚೆಗೆ ಟೈ ಕಟ್ಟಿದ ಹಾಗೆ. 17ನೇ ಶತಮಾನದ ಹೈಲ್ಯಾಂಡ್ (ಸ್ಕಾಟ್ಲೆಂಡಿನ ಬೆಟ್ಟಸೀಮೆ) ಕೊಂಬು ಚಪ್ಪಟೆ. ಎಡಿನ್‌ಬರೋದ ಸ್ಕಾಟ್ಲೆಂಡ್ ರಾಷ್ಟ್ರೀಯ ಮ್ಯೂಸಿಯಮ್ಮಿನಲ್ಲಿ ನೋಡಬಹುದು.

ಕೊಂಬು ಮೆತ್ತಗಾಗಿಸಿ ಚಪ್ಪಟೆ ಮಾಡಲು ಬರೀ ಕುದಿಯುವ ನೀರಿನಲ್ಲಿ ಆಗುವುದಿಲ್ಲ, ಕಾದ ಎಣ್ಣೆಯೇ ಬೇಕು ಅಂದವರೇ ಎಲ್ಲ. ಎಣ್ಣೆಗೂ ಹಾಕಿದೆ, ಸುಮಾರು 160 ಡಿಗ್ರಿ. ತೆಳು ಅಂಚು ಕಂದಿತು, ಪದರ ಪದರವಾಗಿ ಎದ್ದಿತು, ವಾಸನೆ ವಾರವಿಡೀ ಹೋಗಲಿಲ್ಲ. ಕೊಂಬಿಗೆ ಹದಿನೈದು ಪೌಂಡಿನಂತೆ ದುಡ್ಡು ಕೊಟ್ಟು ತಂದ ಇಂಥವು ನಾಲ್ಕು ತಿಪ್ಪೆಗೆ.

ಗುಟ್ಟು ಇರುವುದು ಬಿಸಿಯಲ್ಲಲ್ಲ, ದಪ್ಪದಲ್ಲಿ. ಬೆಳಕಿಗೆ ಹಿಡಿದು ನೋಡುತ್ತಾ ಅರ, ಸ್ಕ್ರೇಪರ್ ಹಾಕಿ ಅಗಲದ ಭಾಗವನ್ನು ಎಲ್ಲಾ ಕಡೆ 3 ಮಿ.ಮೀ. ಆಸುಪಾಸಿಗೆ ತರಬೇಕು. ಒಂದು ಕಡೆ 5, ಇನ್ನೊಂದು ಕಡೆ 2 ಇದ್ದರೆ ವೈಸ್ (ಮೇಜಿನ ಬಿಗಿ ಇಕ್ಕಳ) ಬಿಗಿಯುವಾಗ ತೆಳುವಿನ ಬದಿಯೇ ಚಟ್ ಅನ್ನುತ್ತದೆ. ತುದಿಯ ಗಟ್ಟಿ ಭಾಗ ಮುಟ್ಟಬೇಡಿ.

ಮುಕ್ಕಾಲು ಗಂಟೆ ಕುದಿಸಿ. ಒಳಗೆ ಗಾಳಿ ನಿಂತರೆ ಕೊಂಬು ತೇಲುತ್ತದೆ, ಮೇಲೊಂದು ಕಲ್ಲಿಡಿ. ಹೊರತೆಗೆದರೆ ಅರ್ಧ ನಿಮಿಷವೂ ಕೈಯಲ್ಲಿಲ್ಲ. ಮರದ ಒಳಅಚ್ಚು ತೂರಿಸಿ, ಎರಡು ಹಲಗೆ ನಡುವೆ ಅರ್ಧ ಬಿಗಿ, ಮತ್ತೆ ಕುದಿನೀರಿಗೆ. ಮೂರು ಸುತ್ತು. ಒಳಅಚ್ಚಿಲ್ಲದೆ ಹಿಂಡಿದ ನನ್ನ ಮೊದಲನೆಯದು ತುಳಿದ ಎಣ್ಣೆ ಡಬ್ಬಿಯಂತೆ ನಡುವೆ ಒಳಗೆ ಹೋಯಿತು. 7 ಸೆಂ.ಮೀ. ದುಂಡು ಬಾಯಿ ಹೆಚ್ಚುಕಮ್ಮಿ 9 x 3 ಆಗುತ್ತದೆ, ಒಳಗಿನ ಜಾಗ ಮೂರರಲ್ಲಿ ಒಂದು ಪಾಲು ಕಮ್ಮಿ. ಕೊಂಬು ಆರಿಸುವಾಗಲೇ ಈ ಲೆಕ್ಕ ಹಾಕಿ.

ಒಂದು ದಿನ ವೈಸಿನಲ್ಲೇ ಇರಲಿ. ಬಿಚ್ಚಿದ ಮೇಲೂ ವಾರದೊಳಗೆ ಎರಡು ಮೂರು ಮಿ.ಮೀ. ಬಾಯಿ ಬಿಡುತ್ತದೆ, ತಳದ ಮರದ ಬಿರಡೆ ಆಮೇಲೆಯೇ ಕೆತ್ತಿ. ಜೇನುಮೇಣ, ರಾಳ ಕರಗಿಸಿ ಸಂದಿಗೆ ಬಿಡಬೇಕು. ಅವುಗಳ ಪ್ರಮಾಣ ಮಾತ್ರ ನನ್ನ ಹತ್ತಿರವೇ ಇರಲಿ. ಕಬ್ಬಿಣದ ಮೊಳೆ ಬೇಡ, ತುಕ್ಕು ಉಬ್ಬಿ ಅಂಚು ಸೀಳುತ್ತದೆ. ಮರದ ಗೂಟ ಅಥವಾ ಹಿತ್ತಾಳೆ. ಸೋರುತ್ತದೆಯೇ ಎಂದು ನೀರು ತುಂಬಿಸಿ ನೋಡಿದರೆ ಬಿರಡೆ ಉಬ್ಬಿ ಕೆಲಸ ಕೆಟ್ಟಿತು. ಚಿರೋಟಿ ರವೆ ತುಂಬಿ ಕಪ್ಪು ಕಾಗದದ ಮೇಲೆ ಕುಲುಕಿ. ಒಂದು ಕಾಳು ಬಿದ್ದರೂ ಮತ್ತೆ ಮೇಣ.

ಹೆಣೆಗೆಯ ಚಿತ್ತಾರ, ಕೈವಾರದ ಹೂವು ಚಪ್ಪಟೆ ಮಾಡಿದ ಮೇಲೆಯೇ ಕೊರೆಯಿರಿ. ಮೊದಲೇ ಕೊರೆದರೆ ಬಾಗಿನಲ್ಲಿ ಹೂವು ಮೊಟ್ಟೆಯಾಗುತ್ತದೆ. ಗೆರೆಗೆ ದೀಪದ ಕಾಡಿಗೆಯನ್ನು ಅಗಸೆ ಎಣ್ಣೆಯಲ್ಲಿ ಕಲಸಿ ತಿಕ್ಕಿದರೆ ಸಾಕು.

ಎಮ್ಮೆ ಕೊಂಬಿನಲ್ಲೂ ನೋಡಿದೆ. ಕರಿ, ದಪ್ಪ, ಬೆಳಕು ಹಾಯುವುದಿಲ್ಲ, ದಪ್ಪ ಅಳೆಯಲು ಕ್ಯಾಲಿಪರ್ರೇ ಗತಿ. ಕಾಡಿಗೆ ಕಾಣದೆ ಗೆರೆಗೆ ಸುಣ್ಣ ತುಂಬಿದೆ. ಚೆನ್ನಾಗೇನೋ ಬಂತು, ಆದರೆ ಸ್ಕಾಟಿಷ್ ಅನ್ನಲು ನಾಲಿಗೆ ಹೊರಳಲಿಲ್ಲ.