ಆಟೋ ಎದ್ದು ನಿಲ್ಲುವ ಗಳಿಗೆ

ಬೈಯಪ್ಪನಹಳ್ಳಿಯ ಮುಚ್ಚಿದ ಎನ್‌ಜಿಇಎಫ್ ಕಾರ್ಖಾನೆಯಲ್ಲಿ ನಾಲ್ಕು ರೋಬೋಟ್‌ಗಳು ಅಡಗಿವೆ. ಹಗಲೆಲ್ಲ ಅವು ಒಂದು ಆಟೋ, ಒಂದು ಜೆಸಿಬಿ, ಒಂದು ನೀರಿನ ಟ್ಯಾಂಕರ್, ಒಂದು ಕಸದ ಗಾಡಿ. ಯಾರ ಕಣ್ಣೂ ಇಲ್ಲದಾಗ ಎದ್ದು ನಿಲ್ಲುತ್ತವೆ. ಬಸವನಗುಡಿಯ ನಮ್ಮ ಮನೆಯಲ್ಲಿ ನಾಲ್ವರು ಗೆಳೆಯರಿಗೆ ಆಡಿಸಲೆಂದು ನಾನು ಕಟ್ಟಿದ ಕಥೆ ಇದು. ಕಥೆ ಒಂದೇ ವಾರದಲ್ಲಿ ಕೂಡಿಬಂತು. ರೋಲ್‌ಪ್ಲೇಯಿಂಗ್ ಆಟವೆಂದರೆ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತ ಕಥೆ ನಡೆಸುವುದು. ನಮ್ಮ ಕಥೆಯನ್ನು ಅಂಥ ಯಾವ ಆಟದ ನಿಯಮಗಳ ಮೇಲೆ ನಡೆಸುವುದೆಂದು ಗೊತ್ತುಮಾಡಿಕೊಳ್ಳಲು ಮೂರು ತಿಂಗಳು ಬೇಕಾಯಿತು.

ಮೊದಲು ಕೈಗೆತ್ತಿಕೊಂಡದ್ದು ಗರ್ಪ್ಸ್‌ನ ನಾಲ್ಕನೆಯ ಆವೃತ್ತಿ. ಅದರಲ್ಲಿ ಪಾತ್ರದ ಶಕ್ತಿಗಳನ್ನು ಪಾಯಿಂಟ್ ತೆತ್ತು ಕೊಳ್ಳಬೇಕು; ಇನ್ನೊಂದು ರೂಪ ತಾಳಲು 15 ಪಾಯಿಂಟ್. ಹೊಸ ರೂಪದ ಬೆಲೆ ಹೆಚ್ಚಿದ್ದರೆ ವ್ಯತ್ಯಾಸದ ಶೇ 90ರಷ್ಟನ್ನೂ ತೆರಬೇಕು. ಈ ಲೆಕ್ಕ ನನಗೆ ಹಿಡಿಸಿತು. ಆದರೆ ರೂಪ ಬದಲಿಸಲು 10 ಸೆಕೆಂಡು, ಕಾಳಗದ ಒಂದು ಸರದಿಗೆ ಒಂದೇ ಸೆಕೆಂಡು! ಪಾಯಿಂಟ್ ತೆತ್ತು ಅವಧಿಯನ್ನು ಇಳಿಸಬಹುದು, ನಿಜ. ನಮ್ಮ ಕಥೆಯ ಉಸಿರೇ ಆದ ಗಳಿಗೆಯನ್ನು ಹಾಗೆ ಬಿಡಿಬಿಡಿಯಾಗಿ ಕೊಳ್ಳಲು ಮನಸ್ಸು ಒಪ್ಪಲಿಲ್ಲ. 1994ರ ಮೆಕ್ಟನ್ ಝೀಟಾದಲ್ಲಿ ಯಂತ್ರವನ್ನು ಅಂಗ ಅಂಗವಾಗಿ ಕಟ್ಟುವ ಸುಖವಿದೆ, ಆದರೆ ಅಲ್ಲಿನ ಯಂತ್ರದೊಳಗೆ ಓಡಿಸುವ ಮನುಷ್ಯನಿರುತ್ತಾನೆ. ನಮ್ಮವು ತಾವೇ ಜೀವಗಳು. 2022ರ ಟ್ರಾನ್ಸ್‌ಫಾರ್ಮರ್ಸ್ ಆಟ ಇದಕ್ಕೆಂದೇ ಬರೆದದ್ದು. ಅದು ಬರುವಾಗ ತನ್ನ ಲೋಕವನ್ನೂ ಹೊತ್ತು ತರುತ್ತದೆ. ನನಗೆ ಬೇಕಾಗಿದ್ದದ್ದು ನಮ್ಮ ಊರು.

ಕೊನೆಗೆ ನಿಂತದ್ದು 2013ರ ಫೇಟ್ ಆಕ್ಸಿಲರೇಟೆಡ್ ಬಳಿ. ಅದರಲ್ಲಿ ಪಾತ್ರವನ್ನು ವಿವರಿಸುವ ಮಾತುಗಳೇ ನಿಯಮಗಳಾಗುತ್ತವೆ. ಅವುಗಳ ಹೆಸರು ಆಸ್ಪೆಕ್ಟ್. ಒಂದು ಪಾಯಿಂಟ್ ಕೊಟ್ಟು ಆ ಮಾತನ್ನು ನೆನೆದರೆ ದಾಳಕ್ಕೆ +2. ಅದೇ ಮಾತು ಪಾತ್ರವನ್ನು ಸಂಕಟಕ್ಕೆ ನೂಕಿದರೆ ಪಾಯಿಂಟ್ ಮರಳಿ ಕೈಗೆ ಬರುತ್ತದೆ. ಮಾತೇ ಶಕ್ತಿಯಾದರೆ ಕನ್ನಡದ ಮಾತೂ ಶಕ್ತಿಯೇ. ಜೆಸಿಬಿ ಆಡುವ ಗೆಳತಿ ಬರೆದದ್ದು: ‘ಅಗೆದವಳಿಗೆ ನೆಲದ ಗುಟ್ಟು ಗೊತ್ತು’. ಆಟೋದವನು ಬರೆದ ಎರಡು: ‘ರಾತ್ರಿ ಮೀಟರ್ ಮೇಲೆ ಒಂದೂವರೆ’, ‘ಕೈ ತೋರಿಸಿದರೆ ನಿಲ್ಲದಿರಲಾರೆ’.

ರೂಪ ಬದಲಾವಣೆಗೆ ನಾನು ಮಾಡಿದ್ದಿಷ್ಟು. ಪಾತ್ರ ಕೆಲಸ ಮಾಡುವ ಆರು ಬಗೆಗಳು ಈ ಆಟದಲ್ಲಿವೆ; ಅವನ್ನು ಎಚ್ಚರ, ಜಾಣ್ಮೆ, ಠೀವಿ, ಬಲ, ವೇಗ, ಗುಟ್ಟು ಎಂದು ಕರೆದೆವು. ಒಂದಕ್ಕೆ +3, ಎರಡಕ್ಕೆ +2, ಎರಡಕ್ಕೆ +1, ಉಳಿದದ್ದಕ್ಕೆ ಸೊನ್ನೆ. ಒಂದೇ ರಟ್ಟಿನ ಒಂದು ಮಗ್ಗುಲಲ್ಲಿ ವಾಹನದ ಅಂಕಿಗಳು, ಇನ್ನೊಂದರಲ್ಲಿ ರೋಬೋಟಿನವು: ಆಟೋಗೆ ವೇಗ +3, ಎದ್ದು ನಿಂತರೆ ಜಾಣ್ಮೆ +3. ಆಸ್ಪೆಕ್ಟ್‌ಗಳು ಮಾತ್ರ ಎರಡೂ ಮಗ್ಗುಲಲ್ಲಿ ಅವೇ, ಏಕೆಂದರೆ ಮೈ ಬದಲಾದರೂ ಸ್ವಭಾವ ಬದಲಾಗುವುದಿಲ್ಲ. ರಟ್ಟು ಮಗುಚಿದರೆ ರೂಪ ಬದಲಾಯಿತು. ಅದಕ್ಕೆ ಸರದಿಯ ಖರ್ಚಿಲ್ಲ. ಕೂಡು, ಕಳೆ, ಖಾಲಿ ಮುಖಗಳಿರುವ ಫೇಟ್ ದಾಳಗಳ ಬದಲು ನಾಲ್ಕು ಸಾಮಾನ್ಯ ದಾಳ ಸಾಕು: 1, 2 ಬಿದ್ದರೆ ಕಳೆ, 3, 4 ಸೊನ್ನೆ, 5, 6 ಕೂಡು. ಪಾಯಿಂಟ್‌ಗಳಿಗೆ ಹುಣಸೆ ಬೀಜ. ಜೆಸಿಬಿಯ ಗಾತ್ರಕ್ಕೆ ಮೂಲ ನಿಯಮದಲ್ಲಿ ತೂಕ ಸಾಲದೆನಿಸಿತು, ಹಾಗಾಗಿ ದೊಡ್ಡವರ ಹೊಡೆತಕ್ಕೆ +1, ಚಿಕ್ಕವರು ತಪ್ಪಿಸಿಕೊಳ್ಳಲು +1 ಸೇರಿಸಿದೆ.

ಮೊದಲ ಸಂಜೆ ಆಟೋ ಅವೆನ್ಯೂ ರಸ್ತೆಯಲ್ಲಿ ಓಡುತ್ತಿತ್ತು, ಬೆನ್ನ ಹಿಂದೆ ವೈರಿ. ಬೀದಿ ದೀಪದ ಕೆಳಗೆ ಒಬ್ಬ ಅಜ್ಜಿ ಕೈ ತೋರಿಸಿದರು ಎಂದು ಹೇಳಿ ಒಂದು ಬೀಜವನ್ನು ಮೇಜಿನ ಮೇಲೆ ಮುಂದಕ್ಕೆ ತಳ್ಳಿದೆ. ಗೆಳೆಯ ಅದನ್ನೇ ನೋಡುತ್ತ ಕೂತ. ತೆಗೆದುಕೊಂಡ. ಆಟೋ ನಿಂತಿತು, ಅಜ್ಜಿ ಹತ್ತಿದರು. ಮರುಸರದಿಯಲ್ಲಿ ವೈರಿ ಅಡ್ಡ ಬಂದಾಗ ಅವನ ಕೈ ರಟ್ಟಿನ ಅಂಚಿಗೆ ಹೋಗಿ ಅಲ್ಲೇ ತಡೆಯಿತು. ‘ಒಳಗೆ ಅಜ್ಜಿ ಇದ್ದಾರಲ್ಲ, ಎದ್ದು ನಿಲ್ಲುವುದು ಹೇಗೆ?’ ಎಂದ. ಮೇಜಿನ ಸುತ್ತ ಯಾರೂ ಮಾತಾಡಲಿಲ್ಲ. ಅದೇ ಬೀಜ ಕೊಟ್ಟು ‘ಒಂದೂವರೆ’ಯನ್ನು ನೆನೆದ, ಒಂದೂವರೆ ಪಟ್ಟು ದುಡಿಮೆಯ ರಾತ್ರಿಗಳಲ್ಲಿ ಕಲಿತ ಗಲ್ಲಿಗಳಲ್ಲೆಲ್ಲ ನುಗ್ಗಿ ಚಾಮರಾಜಪೇಟೆಯ ಅವರ ಮನೆ ಬಾಗಿಲಲ್ಲಿ ಇಳಿಸಿದ. ಆಮೇಲೆ ರಟ್ಟು ಮಗುಚಿದ.