ಫ್ಲಶ್ ಇಲ್ಲದ ಐದು ದಿನ, ಎರಡು ಬಕೆಟ್

ಭೂಕಂಪದಲ್ಲಿ ನಮ್ಮ ಕಟ್ಟಡದ ಒಳಚರಂಡಿ ಪೈಪ್ ಒಡೆದಿತ್ತು. ಕಮೋಡಿಗೆ ನೀರು ಸುರಿದರೆ ಕೆಳಗಿನ ಮನೆಯಲ್ಲಿ ಉಕ್ಕುತ್ತಿತ್ತು.

ಮೊದಲ ದಿನ ಒಂದೇ ಬಕೆಟ್ ಇಟ್ಟೆವು. ಸಂಜೆಯೊಳಗೆ ವಾಸನೆ ತಡೆಯಲಾಗಲಿಲ್ಲ, ನೊಣ ಮುತ್ತಿದವು. ತಪ್ಪು ಎಲ್ಲಿ ಅಂತ ಆಮೇಲೆ ಹೊಳೆಯಿತು: ಮಲ, ಮೂತ್ರ ಬೆರೆತರೆ ವಾಸನೆ ಜಾಸ್ತಿ, ಬಕೆಟ್ ತುಂಬುವುದೂ ಬೇಗ. ದೊಡ್ಡವರೊಬ್ಬರ ಮೂತ್ರವೇ ದಿನಕ್ಕೆ 1ರಿಂದ 2 ಲೀಟರ್. ಮಲ ಅದಕ್ಕಿಂತ ತುಂಬಾ ಕಡಿಮೆ, ಆದರೆ ರೋಗಾಣುಗಳು ಹೆಚ್ಚಾಗಿ ಇರುವುದು ಅದರಲ್ಲೇ.

ಹಾಗಾಗಿ 20 ಲೀಟರಿನ ಎರಡು ಬಕೆಟ್ ಇಟ್ಟೆವು. ಒಂದು ಮೂತ್ರಕ್ಕೆ ಮಾತ್ರ. ಅದನ್ನು ಬಾವಿ, ಕೆರೆಗಳಿಂದ ದೂರ ಮಣ್ಣಿಗೆ ಸುರಿದೆವು. ಇನ್ನೊಂದರೊಳಗೆ ದಪ್ಪ ಚೀಲ ಹಾಕಿ, ಪ್ರತಿ ಸಲವೂ ಪೂರ್ತಿ ಮುಚ್ಚುವಷ್ಟು ಮರದ ಹೊಟ್ಟು ಹಾಕಿದೆವು. ಹೊಟ್ಟು ಮುಗಿದಾಗ ಪೇಪರ್ ಚೂರು, ಒಣ ಎಲೆ. ಸುಮ್ನೆ ಮೇಲೆ ಉದುರಿಸಿದರೆ ಸಾಲದು, ಏನೂ ಕಾಣಬಾರದು. ಮರುದಿನವೇ ವಾಸನೆ ಇಳಿಯಿತು.

ಕೈ ತೊಳೆಯುವ ನೀರನ್ನು ಮಾತ್ರ ಬೇರೆ ಯಾವುದಕ್ಕೂ ಮುಟ್ಟಲಿಲ್ಲ. ಬಾಟಲಿಯ ಮುಚ್ಚಳಕ್ಕೆ ತೂತು ಮಾಡಿ, ಸಣ್ಣ ಧಾರೆಯಲ್ಲಿ ಸೋಪು ಹಚ್ಚಿ ತೊಳೆದೆವು. ಮನೆಯಲ್ಲಿ ಮಕ್ಕಳಿದ್ದರೆ ಇದೇ ಎಲ್ಲಕ್ಕಿಂತ ಮುಖ್ಯ ಅಲ್ವಾ?

ಚೀಲ ಅರ್ಧ ತುಂಬಿದಾಗಲೇ ಕಟ್ಟಿ, ಇನ್ನೊಂದು ಚೀಲದೊಳಗೆ ಹಾಕಿ, ಮುಚ್ಚಳದ ಡ್ರಮ್ಮಿನಲ್ಲಿ ನೆರಳಿಗೆ ಇಟ್ಟೆವು. ಐದನೇ ದಿನ ಸಂಗ್ರಹಿಸುವವರು ಬಂದು ಒಯ್ದರು.